ಹೆಸರಿನ ಪಕ್ಕದ ಮೂರಕ್ಷರ: ಪಿಆರ್‌ನವರಿಗೂ ಪರೀಕ್ಷೆ ಬಂದ ಕತೆ

ಬೆಳಿಗ್ಗೆ ಎದ್ದು ಮೊಬೈಲ್ ನೋಡಿದರೆ ನಮ್ಮ ವಾಟ್ಸ್‌ಆ್ಯಪ್‌ನಲ್ಲಿ ಏಳೆಂಟು ಪತ್ರಿಕಾ ಪ್ರಕಟಣೆಗಳು ಬಂದು ಕೂತಿರುತ್ತವೆ. ಆಸ್ಪತ್ರೆಯ ಉಚಿತ ತಪಾಸಣಾ ಶಿಬಿರ, ಬೀಜದ ಕಂಪನಿಯ ಕ್ಷೇತ್ರೋತ್ಸವ, ಕಾಲೇಜಿನ ಸಾಧನೆ, ಮುಖಂಡರ ಹುಟ್ಟುಹಬ್ಬ. ತಲೆಬರಹ, ಫೋಟೊ, ಫೋಟೊದಲ್ಲಿ ಎಡದಿಂದ ಬಲಕ್ಕೆ ನಿಂತವರ ಹೆಸರು, ಎಲ್ಲವೂ ಸಿದ್ಧ. ಕಾಪಿ ಮಾಡಿ ಡೆಸ್ಕಿಗೆ ಕಳಿಸಿದರೆ ಮಾರನೇ ದಿನ ಅದೇ ಸುದ್ದಿ. ಸುದ್ದಿಗೆ ಇಷ್ಟು ಎಂದು ಎಣಿಸಿ ದುಡ್ಡು ತೆಗೆದುಕೊಳ್ಳುವ ನಮ್ಮಂಥ ಸ್ಟ್ರಿಂಜರ್‌ಗಳಿಗೆ ಇದು ಎಷ್ಟು ಸಲೀಸು ಎಂದು ಬಿಡಿಸಿ ಹೇಳಬೇಕಿಲ್ಲ.

ಕೆಲವು ವರ್ಷಗಳ ಹಿಂದೆ ಹೀಗೇ ಒಂದು ಪ್ರಕಟಣೆ ಬಂತು. ಒಂದು ಕಂಪನಿ ನಮ್ಮ ತಾಲ್ಲೂಕಿನ ಹಳ್ಳಿಯಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಕಟ್ಟಿಸಿದೆ, ಊರಿನ ನೀರಿನ ಬವಣೆ ನೀಗಿದೆ ಎಂದು ಬರೆದಿತ್ತು. ರಿಬ್ಬನ್ ಕತ್ತರಿಸುವ ಫೋಟೊನೂ ಇತ್ತು. ನಾವು ಹಾಗೇ ಕಳಿಸಿದೆವು, ಹಾಗೇ ಅಚ್ಚಾಯಿತು. ಮಾರನೇ ದಿನ ಆ ಊರಿನ ಅಜ್ಜಿಯೊಬ್ಬರು ಮೊಮ್ಮಗನ ಫೋನಿನಿಂದ ಮಾತಾಡಿದರು. “ಏನಪ್ಪಾ, ಪೇಪರ್‌ನಾಗೆ ನಮ್ಮೂರಿಗೆ ನೀರು ಬಂದೈತಂತಲ್ಲ. ಆ ಮಿಷನ್‌ಗೆ ಇನ್ನೂ ಕರೆಂಟೇ ಕೊಟ್ಟಿಲ್ಲ. ಒಂದ್ಸಲ ಬಂದು ಕುಡುದು ಹೋಗು.”

ಪ್ರಕಟಣೆ ಕಳಿಸಿದ ಪಿಆರ್‌ಒಗೆ ಫೋನ್ ಮಾಡಿದೆವು. “ಮೇಲಿನವರು ಕೊಟ್ಟಿದ್ದನ್ನ ಚೆನ್ನಾಗಿ ಬರೆದು ಕಳಿಸೋದು ನನ್ನ ಕೆಲಸ ಸಾರ್. ಹೋಗಿ ನೋಡ್ಕೊಂಡು ಬಾ ಅಂತ ಯಾರೂ ಹೇಳಿರಲಿಲ್ಲ” ಎಂದರು. ಅವರನ್ನು ಬೈಯಲು ನಮಗೆ ಬಾಯಿ ಬರಲಿಲ್ಲ. ನಾವೂ ಹೋಗಿ ನೋಡಿರಲಿಲ್ಲ.

ಆವತ್ತಿನಿಂದ ಒಂದು ಪ್ರಶ್ನೆ ತಲೆಯಲ್ಲಿ ಉಳಿಯಿತು. ವಕೀಲರಾಗಲು ಸನ್ನದು ಬೇಕು. ಡಾಕ್ಟರ್ ಆಗಲು ನೋಂದಣಿ ಬೇಕು. ಊರಲ್ಲಿ ಗೊಬ್ಬರದ ಅಂಗಡಿ ಇಡಲೂ ಲೈಸೆನ್ಸ್ ಬೇಕು. ಸಾವಿರಾರು ಜನ ಓದುವ ಮಾತನ್ನು ಬರೆದು ಕಳಿಸುವ ಪಿಆರ್‌ನವರಿಗೆ ಏನು ಬೇಕು? ನಮ್ಮ ದೇಶದಲ್ಲಿ ಕಾನೂನಿನ ಪ್ರಕಾರ ಏನೂ ಬೇಡ. ಆದರೆ ಈ ವೃತ್ತಿ ದೊಡ್ಡದಾಗಿ ಬೆಳೆದ ಅಮೆರಿಕದಲ್ಲಿ, ಈ ವೃತ್ತಿಯವರೇ ತಮಗೆ ತಾವೇ ಒಂದು ಪರೀಕ್ಷೆ ಇಟ್ಟುಕೊಂಡು ಅರವತ್ತು ವರ್ಷ ಆಗಿದೆ. ಪಾಸಾದವರು ಹೆಸರಿನ ಪಕ್ಕದಲ್ಲಿ ಎಪಿಆರ್ ಎಂಬ ಮೂರಕ್ಷರ ಬರೆದುಕೊಳ್ಳಬಹುದು. ಸಾರ್ವಜನಿಕ ಸಂಪರ್ಕದಲ್ಲಿ ಮಾನ್ಯತೆ ಪಡೆದವರು ಎಂದು ಅದರ ಅರ್ಥ. ಆ ಪರೀಕ್ಷೆ ಯಾಕೆ ಬಂತು, ಅದರಿಂದ ಏನಾಯಿತು, ಏನಾಗಲಿಲ್ಲ ಎಂಬುದನ್ನು ತಿಳಿದರೆ ನಮ್ಮ ಮೊಬೈಲಿಗೆ ಬಂದು ಬೀಳುವ ಪ್ರಕಟಣೆಯನ್ನು ಓದುವ ರೀತಿಯೇ ಬದಲಾಗುತ್ತದೆ.

ಪೇಪರ್ ಬಿಟ್ಟು ಹೋದ ವರದಿಗಾರ

ಕತೆ ಶುರುವಾಗುವುದು ನಮ್ಮಂಥವನೇ ಒಬ್ಬನಿಂದ. ಐವಿ ಲೀ ಎಂಬಾತ ನ್ಯೂಯಾರ್ಕಿನ ಪತ್ರಿಕೆಗಳಲ್ಲಿ ವರದಿಗಾರನಾಗಿದ್ದ. 1903ರ ಹೊತ್ತಿಗೆ ಆ ಕೆಲಸ ಬಿಟ್ಟು, ಕಂಪನಿಗಳ ಪರವಾಗಿ ಪತ್ರಿಕೆಗಳಿಗೆ ಸುದ್ದಿ ಒದಗಿಸುವ ಕೆಲಸಕ್ಕೆ ಇಳಿದ.

ಆ ಕಾಲದಲ್ಲಿ ಅಮೆರಿಕದ ದೊಡ್ಡ ಧಣಿಗಳು ಪತ್ರಕರ್ತರನ್ನು ಬಾಗಿಲಲ್ಲೂ ನಿಲ್ಲಿಸುತ್ತಿರಲಿಲ್ಲ. 1902ರಲ್ಲಿ ಕಲ್ಲಿದ್ದಲು ಗಣಿ ಕಾರ್ಮಿಕರು ದೊಡ್ಡ ಮುಷ್ಕರ ಹೂಡಿದಾಗ ಮಾಲೀಕರು ಪತ್ರಿಕೆಗಳ ಜೊತೆ ಮಾತೇ ಆಡಲಿಲ್ಲ. ಕಾರ್ಮಿಕರು ಮಾತಾಡಿದರು. ಜನ ಕಾರ್ಮಿಕರ ಕಡೆ ವಾಲಿದರು. 1906ರಲ್ಲಿ ಮತ್ತೆ ಮುಷ್ಕರದ ಗಾಳಿ ಬೀಸಿದಾಗ ಮಾಲೀಕರು ಲೀಯನ್ನು ಕರೆಸಿಕೊಂಡರು.

ಲೀ ಆಗ ಸಂಪಾದಕರಿಗೆಲ್ಲ ಒಂದು ಘೋಷಣೆ ಕಳಿಸಿದ. ಅದರ ಸಾರಾಂಶ ಇಷ್ಟು: ನಾವು ಕದ್ದುಮುಚ್ಚಿ ಕೆಲಸ ಮಾಡುವುದಿಲ್ಲ, ಯಾರ ಪರ ಎಂದು ಹೇಳಿಯೇ ಸುದ್ದಿ ಕೊಡುತ್ತೇವೆ. ನಾವು ಕೊಡುವುದು ಸರಿಯಾದ ಮಾಹಿತಿ. ನೀವು ಪರಿಶೀಲಿಸಬೇಕೆಂದರೆ ಸಹಾಯ ಮಾಡುತ್ತೇವೆ. ಇದು ಜಾಹೀರಾತು ಅನ್ನಿಸಿದರೆ ಹಾಕಬೇಡಿ.

ಅದೇ ವರ್ಷ ಅಕ್ಟೋಬರ್ 28ರಂದು ಅಟ್ಲಾಂಟಿಕ್ ಸಿಟಿಯ ಹತ್ತಿರ ಸೇತುವೆಯ ಮೇಲಿಂದ ರೈಲು ನೀರಿಗೆ ಬಿದ್ದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಅಪಘಾತವನ್ನು ಮುಚ್ಚಿಡುವುದು ರೈಲ್ವೆ ಕಂಪನಿಗಳಿಗೆ ರೂಢಿ. ಲೀ ಹಾಗೆ ಮಾಡಲಿಲ್ಲ. ಕಂಪನಿಯ ಹೆಸರಿನಲ್ಲೇ ವಿವರ ಬರೆದು ಪತ್ರಿಕೆಗಳಿಗೆ ಕೊಟ್ಟ. ನ್ಯೂಯಾರ್ಕ್ ಟೈಮ್ಸ್ ಅದನ್ನು ಅಚ್ಚು ಹಾಕಿತು. ಇವತ್ತು ನಮಗೆ ಬರುವ ಪತ್ರಿಕಾ ಪ್ರಕಟಣೆಗಳಿಗೆಲ್ಲ ಅದೇ ಮೊದಲನೆಯದು ಎಂದು ಅನೇಕರು ಹೇಳುತ್ತಾರೆ.

ಇಲ್ಲಿಗೇ ಕತೆ ಮುಗಿದಿದ್ದರೆ ಪರೀಕ್ಷೆಯ ಮಾತೇ ಬರುತ್ತಿರಲಿಲ್ಲ.

ಲಡ್ಲೋದ ಗುಂಡಿ

ಕೊಲರಾಡೊ ರಾಜ್ಯದ ಲಡ್ಲೋ ಎಂಬಲ್ಲಿ ಕಲ್ಲಿದ್ದಲು ಗಣಿ ಕಾರ್ಮಿಕರು ಮುಷ್ಕರ ಹೂಡಿದ್ದರು. ಕಂಪನಿ ಕೊಟ್ಟ ಮನೆಗಳಿಂದ ಹೊರಬಿದ್ದು ಹೆಂಡಿರು ಮಕ್ಕಳೊಂದಿಗೆ ಗುಡಾರಗಳಲ್ಲಿ ಬಿಡಾರ ಹೂಡಿದ್ದರು. 1914ರ ಏಪ್ರಿಲ್ 20ರಂದು ಅಲ್ಲಿನ ಸರ್ಕಾರಿ ಪಡೆ ಮತ್ತು ಕಂಪನಿಯ ಕಾವಲುಗಾರರು ಗುಂಡು ಹಾರಿಸಿದರು. ಗುಡಾರಗಳಿಗೆ ಬೆಂಕಿ ಬಿತ್ತು. ಗುಂಡಿನಿಂದ ಉಳಿಯಲು ಒಂದು ಗುಡಾರದ ಕೆಳಗೆ ಗುಂಡಿ ತೋಡಿಕೊಂಡು ಅಡಗಿದ್ದವರಲ್ಲಿ ಇಬ್ಬರು ಹೆಂಗಸರು, ಹನ್ನೊಂದು ಮಕ್ಕಳು ಉಸಿರುಕಟ್ಟಿ ಸತ್ತರು.

ಆ ಗಣಿ ಕಂಪನಿ ರಾಕ್‌ಫೆಲರ್ ಮನೆತನದ ಹಿಡಿತದಲ್ಲಿತ್ತು. ದೇಶವೆಲ್ಲ ಛೀ ಥೂ ಎಂದಾಗ ರಾಕ್‌ಫೆಲರ್ ಕಿರಿಯ ಐವಿ ಲೀಯನ್ನು ನೇಮಿಸಿಕೊಂಡ. ಲೀ ಸಾಲು ಸಾಲು ಕರಪತ್ರಗಳನ್ನು ಸಿದ್ಧಮಾಡಿ ದೇಶದ ಗಣ್ಯರಿಗೆಲ್ಲ ತಲುಪಿಸಿದ. ಅವು ಹೊರಬಂದಿದ್ದು ಕೊಲರಾಡೊದ ಗಣಿ ಮಾಲೀಕರ ಹೆಸರಿನಲ್ಲಿ. ಬರೆದವನು ಯಾರು ಎಂಬುದು ಅದರಲ್ಲಿ ಇರಲಿಲ್ಲ. ಕದ್ದುಮುಚ್ಚಿ ಕೆಲಸ ಮಾಡುವುದಿಲ್ಲ ಎಂದು ಎಂಟು ವರ್ಷದ ಹಿಂದೆ ಬರೆದುಕೊಟ್ಟವನ ಕೆಲಸ ಇದು.

ಸುಳ್ಳೂ ಇತ್ತು. ಕಾರ್ಮಿಕ ಮುಖಂಡರ ಇಡೀ ವರ್ಷದ ಸಂಬಳವನ್ನು ಒಂಬತ್ತು ವಾರದ ಸಂಬಳ ಎಂದು ತೋರಿಸಲಾಗಿತ್ತು. ಬಡವರ ಹೆಸರಲ್ಲಿ ಮುಖಂಡರು ದುಡ್ಡು ಹೊಡೆಯುತ್ತಿದ್ದಾರೆ ಎಂದು ಓದಿದವರಿಗೆ ಅನ್ನಿಸಬೇಕಲ್ಲ.

1915ರಲ್ಲಿ ಸರ್ಕಾರದ ವಿಚಾರಣಾ ಆಯೋಗ ಲೀಯನ್ನು ಕೂರಿಸಿ ಕೇಳಿತು: ಈ ವಿಷಯಗಳು ನಿಜವೋ ಸುಳ್ಳೋ ಎಂದು ನೀವು ಪರಿಶೀಲಿಸಿದಿರಾ? ಇಲ್ಲ, ಕಂಪನಿಯವರು ಕೊಟ್ಟಿದ್ದನ್ನು ತೆಗೆದುಕೊಂಡೆ, ಅದನ್ನು ಒಪ್ಪವಾಗಿ ಜನರ ಮುಂದಿಡುವುದು ನನ್ನ ಕೆಲಸ ಎಂಬ ಅರ್ಥದ ಉತ್ತರ ಕೊಟ್ಟ. ಇದನ್ನು ಓದುವಾಗ ನಮಗೆ ನೀರಿನ ಘಟಕದ ಪಿಆರ್‌ಒ ನೆನಪಾದರು. ನೂರು ವರ್ಷ ಕಳೆದರೂ ಉತ್ತರ ಬದಲಾಗಿಲ್ಲ.

ಕಾದಂಬರಿಕಾರ ಅಪ್ಟನ್ ಸಿಂಕ್ಲೇರ್ ಲೀಗೆ ‘ಪಾಯ್ಸನ್ ಐವಿ’ ಎಂದು ಹೆಸರಿಟ್ಟ. ಪಾಯ್ಸನ್ ಐವಿ ಎಂದರೆ ಅಲ್ಲಿನ ಒಂದು ಬಳ್ಳಿ, ನಮ್ಮ ತುರಿಕೆ ಸೊಪ್ಪಿನ ಹಾಗೆ ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ಹೆಸರು ಲೀಗೆ ಸಾಯುವತನಕ ಅಂಟಿಕೊಂಡಿತು.

ಸಿಗರೇಟಿನ ಮೆರವಣಿಗೆ

ಈ ಕತೆಯ ಎರಡನೇ ದೊಡ್ಡ ಮನುಷ್ಯ ಎಡ್ವರ್ಡ್ ಬರ್ನೇಸ್. ಹುಟ್ಟಿದ್ದು 1891ರಲ್ಲಿ ವಿಯೆನ್ನಾದಲ್ಲಿ. ಮನಸ್ಸಿನ ಶಾಸ್ತ್ರದ ಸಿಗ್ಮಂಡ್ ಫ್ರಾಯ್ಡ್ ಇವನಿಗೆ ಸೋದರಮಾವ. 1923ರಲ್ಲಿ ಈ ವೃತ್ತಿಯ ಬಗ್ಗೆ ಪುಸ್ತಕ ಬರೆದ, ಅದೇ ವರ್ಷ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಪಾಠವನ್ನೂ ಮಾಡಿದ.

ಆಗ ಅಮೆರಿಕದಲ್ಲಿ ಹೆಂಗಸರು ಬೀದಿಯಲ್ಲಿ ಸಿಗರೇಟು ಸೇದಿದರೆ ಜನ ಹುಬ್ಬೇರಿಸುತ್ತಿದ್ದರು. ಸಿಗರೇಟು ಕಂಪನಿಗೆ ಅದರಿಂದ ಅರ್ಧ ದೇಶದ ವ್ಯಾಪಾರ ಖೋತಾ. 1929ರ ಈಸ್ಟರ್ ಹಬ್ಬದ ದಿನ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂ ಮೆರವಣಿಗೆಯಲ್ಲಿ ಬರ್ನೇಸ್ ಕೆಲವು ಯುವತಿಯರಿಂದ ಸಿಗರೇಟು ಹಚ್ಚಿಸಿದ. ಇವು ಸ್ವಾತಂತ್ರ್ಯದ ಪಂಜುಗಳು ಎಂದು ಪತ್ರಿಕೆಗಳಿಗೆ ಹೇಳಿಸಿದ. ಹೆಣ್ಣುಮಕ್ಕಳ ಸಮಾನತೆಯ ಹೋರಾಟ ಎಂಬಂತೆ ಸುದ್ದಿ ಬಂತು. ಹಿಂದೆ ನಿಂತು ದುಡ್ಡು ಕೊಟ್ಟಿದ್ದು ಅಮೆರಿಕನ್ ಟೊಬ್ಯಾಕೊ ಕಂಪನಿ ಎಂಬುದು ಓದುಗರಿಗೆ ಗೊತ್ತಾಗಲಿಲ್ಲ.

ಸಿಗರೇಟಿನ ಎಳೆ ಅಲ್ಲಿಗೆ ಕಡಿಯಲಿಲ್ಲ. 1950ರ ದಶಕದಲ್ಲಿ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ನಂಟಿದೆ ಎಂಬ ಸಂಶೋಧನೆಗಳು ಬಂದಾಗ ತಂಬಾಕು ಕಂಪನಿಗಳು ಹಿಲ್ ಆ್ಯಂಡ್ ನೋಲ್ಟನ್ ಎಂಬ ದೊಡ್ಡ ಪಿಆರ್ ಕಂಪನಿಯನ್ನು ಹಿಡಿದವು. 1954ರ ಜನವರಿ 4ರಂದು ದೇಶದ ನಾನೂರಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಪೂರ್ತಿ ಪುಟದ ಹೇಳಿಕೆ ಬಂತು. ನಿಮ್ಮ ಆರೋಗ್ಯವೇ ನಮಗೆ ಮುಖ್ಯ, ಆದರೆ ಆ ಸಂಶೋಧನೆಗಳು ಇನ್ನೂ ಖಚಿತವಲ್ಲ ಎಂಬುದು ಅದರ ಧಾಟಿ. ಅನುಮಾನ ಹುಟ್ಟಿಸಿದರೆ ಸಾಕು, ಸೇದುವವನು ಸೇದುತ್ತಲೇ ಇರುತ್ತಾನೆ ಎಂಬ ಲೆಕ್ಕ ಅದರ ಹಿಂದಿತ್ತು.

1964ರ ಪರೀಕ್ಷೆ

ಈ ವೃತ್ತಿಯಲ್ಲಿ ಮರ್ಯಾದೆಯಿಂದ ಕೆಲಸ ಮಾಡುವವರೂ ಇದ್ದರು. ಆಸ್ಪತ್ರೆ, ಶಾಲೆ, ಸರ್ಕಾರಿ ಕಚೇರಿಗಳಲ್ಲಿ ಇದ್ದುಕೊಂಡು ಜನರಿಗೆ ಬೇಕಾದ ಮಾಹಿತಿ ತಲುಪಿಸುವವರು. ಇಂಥವರೂ ಆ ಹೆಸರುಗಳ ಕಳಂಕ ಹೊರಬೇಕಾಗಿತ್ತು. ರೆಕ್ಸ್ ಹಾರ್ಲೊ ಎಂಬ ಮೇಷ್ಟ್ರು 1939ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಂಥವರ ಸಂಘಟನೆಯೊಂದನ್ನು ಕಟ್ಟಿದರು. 1947ರಲ್ಲಿ ಅದು ನ್ಯೂಯಾರ್ಕಿನ ಇನ್ನೊಂದು ಸಂಘದ ಜೊತೆ ಸೇರಿ ಪಬ್ಲಿಕ್ ರಿಲೇಷನ್ಸ್ ಸೊಸೈಟಿ ಆಫ್ ಅಮೆರಿಕ ಆಯಿತು. 1950ರಲ್ಲಿ ಸದಸ್ಯರಿಗೆ ನೀತಿಸಂಹಿತೆ ಬಂತು.

ಆದರೆ ವೃತ್ತಿ ಎಂದರೆ ಏನು ಎಂದೇ ಒಮ್ಮತ ಇರಲಿಲ್ಲ. ಇದೇ ಹಾರ್ಲೊ ಮುಂದೆ 1976ರಲ್ಲಿ ಲೆಕ್ಕ ಹಾಕಿದಾಗ ಪಬ್ಲಿಕ್ ರಿಲೇಷನ್ಸ್ ಎಂಬ ಪದಕ್ಕೆ 472 ವ್ಯಾಖ್ಯಾನಗಳು ಸಿಕ್ಕವು. ಬಾಯಿದ್ದವನು, ಪತ್ರಿಕೆಯವರ ಪರಿಚಯ ಇದ್ದವನು ಯಾರು ಬೇಕಾದರೂ ಬೋರ್ಡ್ ಹಾಕಿಕೊಳ್ಳಬಹುದಿತ್ತು.

ಹಾಗಾಗಿ 1964ರಲ್ಲಿ ಸೊಸೈಟಿ ಮಾನ್ಯತೆಯ ಪದ್ಧತಿ ತಂದಿತು. ಆ ವರ್ಷಕ್ಕೆ ಇನ್ನೊಂದು ಮಹತ್ವವೂ ಇದೆ. ಸಿಗರೇಟು ಕ್ಯಾನ್ಸರ್ ತರುತ್ತದೆ ಎಂದು ಅಮೆರಿಕ ಸರ್ಕಾರದ ಮುಖ್ಯ ವೈದ್ಯಾಧಿಕಾರಿ ವರದಿ ಕೊಟ್ಟಿದ್ದೂ ಅದೇ 1964ರ ಜನವರಿಯಲ್ಲಿ. ಹತ್ತು ವರ್ಷ ಹುಟ್ಟಿಸಿದ್ದ ಅನುಮಾನಕ್ಕೆ ಸರ್ಕಾರಿ ಉತ್ತರ ಬಂದ ವರ್ಷವೇ ಪಿಆರ್‌ನವರು ತಮ್ಮ ಅರ್ಹತೆ ಅಳೆಯಲು ಹೊರಟಿದ್ದರು. ಎರಡಕ್ಕೂ ನೇರ ಸಂಬಂಧ ಇದೆ ಎಂದು ನಾವು ಹೇಳುತ್ತಿಲ್ಲ. ಆ ವೃತ್ತಿಯ ಹೆಸರು ಎಂಥ ಕಾಲದಲ್ಲಿ ಪರೀಕ್ಷೆಗೆ ಕೂತಿತು ಎಂಬುದು ಇದರಿಂದ ತಿಳಿಯುತ್ತದೆ.

ಮೊದಲು ಲಿಖಿತ ಪರೀಕ್ಷೆ, ಮೌಖಿಕ ಪರೀಕ್ಷೆ ಎರಡೂ ಇದ್ದವು. 1998ರಲ್ಲಿ ಹಲವು ಸಂಘಟನೆಗಳು ಸೇರಿ ಇದಕ್ಕೆಂದೇ ಪ್ರತ್ಯೇಕ ಮಂಡಳಿ ಮಾಡಿಕೊಂಡವು. 2003ರಲ್ಲಿ ಕಂಪ್ಯೂಟರ್ ಪರೀಕ್ಷೆ ಬಂತು.

ಪರೀಕ್ಷೆಯಲ್ಲಿ ಏನು ಕೇಳುತ್ತಾರೆ?

ಐದು ವರ್ಷವಾದರೂ ಕೆಲಸ ಮಾಡಿದ ಮೇಲೆ ಬನ್ನಿ ಎನ್ನುತ್ತದೆ ಮಂಡಳಿ. ಅರ್ಜಿ ಹಾಕಿದವರು ಮೊದಲು ಮಾನ್ಯತೆ ಪಡೆದ ಹಿರಿಯರ ತಂಡದ ಎದುರು ಕೂರಬೇಕು. ತಾವು ಮಾಡಿದ ಒಂದು ಕೆಲಸವನ್ನು ಮೊದಲಿಂದ ಕೊನೆವರೆಗೆ ವಿವರಿಸಬೇಕು. ಅದು ದಾಟಿದರೆ ಕಂಪ್ಯೂಟರ್ ಪರೀಕ್ಷೆ. ಪಾಸಾದರೂ ಆಯುಷ್ಯಪೂರ್ತಿ ಅಲ್ಲ, ಮೂರು ವರ್ಷಕ್ಕೊಮ್ಮೆ ಹೊಸದಾಗಿ ಕಲಿತಿದ್ದನ್ನು ತೋರಿಸಿ ನವೀಕರಿಸಬೇಕು.

ಪರೀಕ್ಷೆಯ ಬೆನ್ನೆಲುಬು ನಾಲ್ಕು ಹಂತ: ಸಂಶೋಧನೆ, ಯೋಜನೆ, ಜಾರಿ, ಮೌಲ್ಯಮಾಪನ. ಅದರ ಜೊತೆಗೆ ನೀತಿ ಮತ್ತು ಕಾನೂನು.

ನಮ್ಮ ಊರಿನ ಭಾಷೆಯಲ್ಲಿ ಹೇಳುತ್ತೇವೆ. ಹಳ್ಳಿಯಲ್ಲಿ ಮಕ್ಕಳಿಗೆ ಲಸಿಕೆ ಹಾಕಿಸಲು ಜನ ಹಿಂಜರಿಯುತ್ತಿದ್ದಾರೆ ಎನ್ನಿ. ಮಾಮೂಲಿ ಪ್ರಚಾರದವನು ಆಟೊಗೆ ಮೈಕ್ ಕಟ್ಟಿ ಕೂಗಿಸುತ್ತಾನೆ. ಪರೀಕ್ಷೆ ಕಲಿಸುವ ದಾರಿ ಬೇರೆ. ಮೊದಲು ಮನೆಮನೆಗೆ ಹೋಗಿ ಯಾಕೆ ಹಿಂಜರಿಕೆ ಎಂದು ಕೇಳು. ಜ್ವರ ಬರುತ್ತದೆಂಬ ಭಯವೋ, ಕೂಲಿ ತಪ್ಪುತ್ತದೆಂಬ ಚಿಂತೆಯೋ? ಕೂಲಿಯ ಚಿಂತೆ ಆದರೆ ಮೈಕ್ ಕೂಗಿ ಏನು ಫಲ, ಸಂಜೆ ಹೊತ್ತು ಲಸಿಕೆ ಇಡಬೇಕು. ಮಾಡಿದ ಮೇಲೆ ಎಷ್ಟು ಮಕ್ಕಳಿಗೆ ಹಾಕಿಸಿದರು ಎಂದು ಎಣಿಸು. ಪೇಪರಿನಲ್ಲಿ ಎಷ್ಟು ಫೋಟೊ ಬಂತು ಎಂದು ಎಣಿಸಬೇಡ.

ಈ ಮಾನ್ಯತೆಯಲ್ಲಿ ನಮಗೆ ನಿಜವಾಗಿಯೂ ಬೆಲೆ ಕಂಡಿದ್ದು ಇಲ್ಲೇ. ಜನರ ಮಾತು ಕೇಳುವುದು ಮೊದಲು, ಜನರಿಗೆ ಹೇಳುವುದು ಆಮೇಲೆ. ನೀರಿನ ಘಟಕದ ಪ್ರಕಟಣೆ ಬರೆದವರು ಈ ಮೊದಲ ಹಂತವನ್ನಷ್ಟೇ ಪಾಲಿಸಿದ್ದರೂ ಅಜ್ಜಿ ಫೋನ್ ಮಾಡುವ ಪ್ರಮೇಯ ಬರುತ್ತಿರಲಿಲ್ಲ.

ತಪ್ಪು ಮಾಡಿದರೆ ಯಾರು ಕೇಳುತ್ತಾರೆ?

ಕಾರ್ಡಿನ ದೌರ್ಬಲ್ಯವೂ ಬೇಗನೇ ಗೊತ್ತಾಯಿತು. 1986ರಲ್ಲಿ ಆ ಸೊಸೈಟಿಯ ಅಧ್ಯಕ್ಷರ ಮೇಲೆಯೇ ಆರೋಪ ಬಂತು. ತಮ್ಮ ಗ್ರಾಹಕ ಕಂಪನಿಯ ಒಳಗಿನ ಗುಟ್ಟು ತಿಳಿದು ಅದರ ಷೇರು ಖರೀದಿಸಲು ಹೊರಟರು ಎಂದು ಅಲ್ಲಿನ ಷೇರುಪೇಟೆ ನಿಯಂತ್ರಕರು ದೂರಿದರು. ಅವರು ತಪ್ಪು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ, ರಾಜಿ ಮಾಡಿಕೊಂಡರು. ಅಧ್ಯಕ್ಷ ಸ್ಥಾನ ಬಿಟ್ಟರು. ಸೊಸೈಟಿಯ ನೀತಿ ಸಮಿತಿ ವಿಚಾರಣೆಗೆ ಎತ್ತಿಕೊಂಡಾಗ ಸದಸ್ಯತ್ವಕ್ಕೂ ರಾಜೀನಾಮೆ ಕೊಟ್ಟರು. ಸದಸ್ಯರೇ ಅಲ್ಲದವರನ್ನು ಸಮಿತಿ ಏನು ಮಾಡೀತು? ಫೈಲು ಮುಚ್ಚಿತು.

ವಕೀಲರ ಸನ್ನದು ಕಿತ್ತುಕೊಂಡರೆ ಅವರು ಕೋರ್ಟಿನಲ್ಲಿ ವಾದಿಸುವಂತಿಲ್ಲ. ಎಪಿಆರ್ ಕಿತ್ತುಕೊಂಡರೆ ಮೂರಕ್ಷರ ಹೋಗುತ್ತದೆ, ಕೆಲಸ ಹೋಗುವುದಿಲ್ಲ. 2000ದಲ್ಲಿ ಸೊಸೈಟಿ ತನ್ನ ನೀತಿಸಂಹಿತೆಯನ್ನು ತಿದ್ದಿ ಬರೆದಾಗ, ಶಿಕ್ಷೆ ಕೊಡುವ ಕಡೆಗಿಂತ ತಿಳಿಹೇಳುವ ಕಡೆಗೇ ಒತ್ತು ಕೊಟ್ಟಿತು.

ಹಾಗಾದರೆ ಸರ್ಕಾರವೇ ಲೈಸೆನ್ಸ್ ಕೊಡಲಿ ಎಂದು ಗಟ್ಟಿಯಾಗಿ ಕೂಗಿದವನು ಯಾರು ಗೊತ್ತೆ? ಸಿಗರೇಟಿನ ಮೆರವಣಿಗೆ ಮಾಡಿಸಿದ ಅದೇ ಬರ್ನೇಸ್. ವಯಸ್ಸಾದ ಮೇಲೆ ತಂಬಾಕಿನ ವಿರುದ್ಧ ಮಾತಾಡತೊಡಗಿದ. ಯಾವ ಮೋಸಗಾರನೂ ಪಿಆರ್ ಎಂದು ಬೋರ್ಡ್ ಹಾಕಿಕೊಳ್ಳುವಂತೆ ಇರಬಾರದು ಎಂದು ನೂರರ ಆಸುಪಾಸಿನ ವಯಸ್ಸಿನಲ್ಲೂ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಕಾನೂನಿಗಾಗಿ ಓಡಾಡಿದ. ಆಗಲಿಲ್ಲ. ಮಾತಾಡಲು, ಬರೆಯಲು ಸರ್ಕಾರದ ಅಪ್ಪಣೆ ಬೇಕು ಎಂದರೆ ವಾಕ್ ಸ್ವಾತಂತ್ರ್ಯ ಏನಾಯಿತು ಎಂಬುದು ಎದುರು ವಾದ. 1995ರಲ್ಲಿ 103ನೇ ವಯಸ್ಸಿಗೆ ಬರ್ನೇಸ್ ತೀರಿಕೊಂಡ.

ಆ ಎದುರು ವಾದದಲ್ಲಿ ಹುರುಳಿದೆ. ಬ್ರೆಜಿಲ್ ದೇಶ 1967ರ ಡಿಸೆಂಬರಿನಲ್ಲೇ ಪಿಆರ್ ಕೆಲಸಕ್ಕೆ ಕಾನೂನು ಮಾಡಿತು. ಆಗ ಅಲ್ಲಿದ್ದದ್ದು ಸೇನಾ ಸರ್ಕಾರ. ಮಾರನೇ ತಿಂಗಳೇ ಅದೇ ಸರ್ಕಾರ ತನ್ನ ಪ್ರಚಾರಕ್ಕೆ ಸಾರ್ವಜನಿಕ ಸಂಪರ್ಕದ ಹೆಸರಿನಲ್ಲಿ ವಿಶೇಷ ಕಚೇರಿ ತೆರೆಯಿತು. ನೈಜೀರಿಯಾದಲ್ಲಿ 1990ರಲ್ಲಿ ಇಂಥ ಕಾನೂನು ತಂದಿದ್ದೂ ಸೇನಾ ಸರ್ಕಾರವೇ. ಲೈಸೆನ್ಸ್ ಕೊಡುವ ಕೈಗೆ ಸತ್ಯ ಬೇಕಿಲ್ಲದಿದ್ದರೆ ಲೈಸೆನ್ಸ್ ಸತ್ಯ ಹೇಳಿಸುವುದಿಲ್ಲ.

ಹಾಗೆಂದು ವೃತ್ತಿ ಸಂಘಗಳ ಕೈಯಲ್ಲಿ ಏನೂ ಆಗದು ಎಂದೇನಲ್ಲ. ದಕ್ಷಿಣ ಆಫ್ರಿಕದಲ್ಲಿ ಗುಪ್ತಾ ಕುಟುಂಬದ ಹಗರಣ ನಿಮಗೆ ನೆನಪಿರಬಹುದು. ಉತ್ತರ ಪ್ರದೇಶದ ಸಹಾರನ್‌ಪುರದಿಂದ ಹೋದವರು. ಅವರ ಕಂಪನಿಯ ಪರವಾಗಿ ಲಂಡನ್ನಿನ ಬೆಲ್ ಪಾಟಿಂಜರ್ ಎಂಬ ಪಿಆರ್ ಸಂಸ್ಥೆ ನಡೆಸಿದ ಪ್ರಚಾರ, ಕರಿಯರು ಬಿಳಿಯರ ನಡುವೆ ದ್ವೇಷ ಕೆದಕುವಂತಿತ್ತು. 2017ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಪಿಆರ್ ಸಂಸ್ಥೆಗಳ ಒಕ್ಕೂಟ ಅದನ್ನು ಹೊರಹಾಕಿತು. ಗ್ರಾಹಕರು ಒಬ್ಬೊಬ್ಬರಾಗಿ ಕೈಬಿಟ್ಟರು. ಕೆಲವೇ ದಿನಗಳಲ್ಲಿ ಸಂಸ್ಥೆ ದಿವಾಳಿಯೆದ್ದಿತು. ಆದರೆ ಅದಕ್ಕೂ ಮೊದಲು ಅಲ್ಲಿನ ಪತ್ರಕರ್ತರು ಸೋರಿಬಂದ ಇಮೇಲ್‌ಗಳನ್ನು ಜಾಲಾಡಿ ಬರೆದಿದ್ದರು, ಜನ ಬೀದಿಗೆ ಬಂದಿದ್ದರು. ಒಕ್ಕೂಟದ ಶಿಕ್ಷೆ ಕೊನೆಗೆ ಬಂದಿದ್ದು.

ನಮ್ಮ ಕಡೆ

ಭಾರತದಲ್ಲಿ 1943ರಲ್ಲಿ ಟಾಟಾ ಕಂಪನಿ ಮುಂಬೈಯಲ್ಲಿ ಪಿಆರ್ ವಿಭಾಗ ತೆರೆಯಿತು. 1958ರಲ್ಲಿ ಪಬ್ಲಿಕ್ ರಿಲೇಷನ್ಸ್ ಸೊಸೈಟಿ ಆಫ್ ಇಂಡಿಯಾ ಹುಟ್ಟಿತು. 1968ರ ಏಪ್ರಿಲ್ 21ರಂದು ದೆಹಲಿಯ ಮೊದಲ ರಾಷ್ಟ್ರೀಯ ಸಮ್ಮೇಳನದಲ್ಲಿ ನೀತಿಸಂಹಿತೆ ಒಪ್ಪಿಕೊಂಡರು. ಆ ದಿನವನ್ನೇ ಈಗ ರಾಷ್ಟ್ರೀಯ ಸಾರ್ವಜನಿಕ ಸಂಪರ್ಕ ದಿನ ಎಂದು ಆಚರಿಸುತ್ತಾರೆ. ಕೋರ್ಸುಗಳಿವೆ, ಡಿಪ್ಲೊಮಾಗಳಿವೆ. ಮಾಡಲೇಬೇಕೆಂಬ ಪರೀಕ್ಷೆ ಇಲ್ಲ.

ಮಾನ್ಯತೆ ಎಂಬ ಪದ ನಮ್ಮ ರಾಜ್ಯದಲ್ಲಿ ಕೇಳಿಬರುವುದು ಪತ್ರಕರ್ತರ ವಿಷಯದಲ್ಲಿ. ಆ ಕಾರ್ಡ್ ಕೊಡುವುದು ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ. ಹೆಸರು ಗಮನಿಸಿ: ಸರ್ಕಾರದ ಪಿಆರ್ ನೋಡಿಕೊಳ್ಳುವ ಇಲಾಖೆಯೇ ಸುದ್ದಿಗಾರರಿಗೆ ಮಾನ್ಯತೆ ಕೊಡುತ್ತದೆ. ನಮ್ಮ ಬಳಗದಲ್ಲಿ ಹೆಚ್ಚಿನವರಿಗೆ ಆ ಕಾರ್ಡ್ ಇಲ್ಲ. ಇಲ್ಲ ಎಂದು ಒಳಗೊಳಗೇ ಕೊರಗಿದ್ದೂ ಉಂಟು.

ಈ ಕತೆ ಓದಿದ ಮೇಲೆ ಕೊರಗು ಸ್ವಲ್ಪ ಇಳಿದಿದೆ. ಐವಿ ಲೀಗೆ ಯಾವ ಪರೀಕ್ಷೆ ಇಟ್ಟಿದ್ದರೂ ಪಾಸಾಗುತ್ತಿದ್ದ, ಅದರ ಉತ್ತರ 1906ರಲ್ಲೇ ಬರೆದಿದ್ದ. ಲಡ್ಲೋದಲ್ಲಿ ಆತ ತಪ್ಪಿದ್ದು, ಕೊಟ್ಟ ಲೆಕ್ಕ ಸರಿಯೇ ಎಂದು ಒಂದು ಸಲ ಕೇಳದೇ ಹೋಗಿದ್ದರಿಂದ. ಕೇಳಬೇಕು ಎಂದು ಪರೀಕ್ಷೆ ಕಲಿಸಬಹುದು. ಸಂಬಳ ಕೊಡುವ ಧಣಿಯನ್ನು ಕೇಳುವ ಧೈರ್ಯ ಆಯಾ ಮನುಷ್ಯನಿಗೆ ಬಿಟ್ಟಿದ್ದು. ಹಾಗೆ ಕೇಳುವ ಪಿಆರ್‌ಒಗಳು ನಮಗೂ ಒಬ್ಬಿಬ್ಬರು ಗೊತ್ತು. “ಇದು ಇನ್ನೂ ಆಗಿಲ್ಲ, ಆದ ಮೇಲೆ ಕಳಿಸ್ತೀನಿ” ಎನ್ನುವವರು. ಅವರ ಹೆಸರಿನ ಪಕ್ಕ ಯಾವ ಅಕ್ಷರವೂ ಇಲ್ಲ. ಅವರು ಕಳಿಸಿದ್ದನ್ನು ನಾವು ನಂಬಿಕೆಯಿಂದ ಓದುತ್ತೇವೆ.

ನೀರಿನ ಘಟಕದ ಊರಿಗೆ ಆಮೇಲೆ ಹೋದೆವು. ಅಜ್ಜಿ ಬೈಯಲಿಲ್ಲ, ಬೋರ್‌ವೆಲ್ ನೀರನ್ನೇ ತಂಬಿಗೆಯಲ್ಲಿ ಕೊಟ್ಟರು. ಫ್ಲೋರೈಡಿನ ಊರು, ಹಲ್ಲೆಲ್ಲ ಹಳದಿ. ಕರೆಂಟ್ ಕೊಟ್ಟಿಲ್ಲದ ಘಟಕದ ಫೋಟೊ ತೆಗೆದು ಬರೆದೆವು. ಎರಡೂವರೆ ತಿಂಗಳಿಗೆ ಕರೆಂಟ್ ಬಂತು. ಆ ದಿನವೂ ಪ್ರಕಟಣೆ ಬಂದಿತ್ತು. ಈ ಸಲ ಮೊದಲು ಅಜ್ಜಿಯ ಮೊಮ್ಮಗನಿಗೆ ಫೋನ್ ಮಾಡಿದೆವು. “ಬಂದೈತೆ ಅಣ್ಣ, ಕ್ಯಾನ್ ಹಿಡ್ಕಂಡು ಸಾಲಲ್ಲಿ ನಿಂತೀನಿ” ಎಂದ. ಆಮೇಲೆ ಡೆಸ್ಕಿಗೆ ಕಳಿಸಿದೆವು.

ನಿಮ್ಮೂರಿನ ಬಗ್ಗೆ ಪೇಪರಿನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಇಂಥ ಸುದ್ದಿ ಕಂಡರೆ ಮೂರು ಪ್ರಶ್ನೆ ಕೇಳಿ. ಬರೆದವರು ಯಾರು? ದುಡ್ಡು ಕೊಟ್ಟವರು ಯಾರು? ಹೋಗಿ ನೋಡಿದವರು ಯಾರು? ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ಅಜ್ಜಿಯ ಹಾಗೆ ನಮಗೊಂದು ಫೋನ್ ಮಾಡಿ. ಬಂದು ಕುಡಿದು ನೋಡುತ್ತೇವೆ.